ಅಪ್‌ಡೇಟ್: ಹೈ ಡೆನ್ಸಿಟಿ ಪ್ರಿಂಟ್ ಕೊನೆಗೂ ಎದ್ದು ನಿಂತಿತು

ಹೋದ ತಿಂಗಳು ಕೇಳಿದ್ದೆನಲ್ಲ, ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಟೀ ಶರ್ಟ್ ಮೇಲೆ ಉಬ್ಬು ಅಕ್ಷರ (ಅದೇ ಹೈ ಡೆನ್ಸಿಟಿ ಪ್ರಿಂಟ್) ಹಾಕಿದರೆ ಅಂಚು ದೋಸೆ ಹಿಟ್ಟಿನ ಹಾಗೆ ಹರಡುತ್ತಿದೆ, ಎತ್ತರವೇ ಬರುತ್ತಿಲ್ಲ ಅಂತ. ಈಗ ಬಂತು. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ತಪ್ಪು ಇಂಕಿನದಲ್ಲ, ಸ್ಕ್ರೀನಿನದು. ತೆಳ್ಳಗಿನ ಎಮಲ್ಷನ್ (ಸ್ಕ್ರೀನಿಗೆ ಬಳಿಯುವ, ಬೆಳಕಿಗೆ ಗಟ್ಟಿಯಾಗುವ ಲೇಪ) ಮೇಲೆ ನಾನು ಸುಮ್ನೆ ಇಂಕ್ ಎಳೆದದ್ದೇ ಎಳೆದದ್ದು. ಈ ಸಲ 200 ಮೈಕ್ರಾನ್ ಕ್ಯಾಪಿಲರಿ ಫಿಲ್ಮ್ (ಹಾಳೆಯ ರೂಪದ ದಪ್ಪ ಎಮಲ್ಷನ್) ತಂದು ಸ್ಕ್ರೀನಿನ ಜಾಲರಿಗೆ, ಅಂದರೆ ಇಂಚಿಗೆ 80 ಎಳೆಯ ಮೆಶ್‌ಗೆ ಅಂಟಿಸಿದೆ. ಮೊದಲನೇ ಸ್ಕ್ರೀನ್ ಹಾಳಾಯ್ತು. ಹಳೇ ಲೆಕ್ಕದಲ್ಲೇ ಎಕ್ಸ್‌ಪೋಸ್ ಮಾಡಿದ್ದೆ, ಅಂದರೆ ಬೆಳಕು ಕೊಟ್ಟಿದ್ದೆ. ತೊಳೆಯುವಾಗ ಫಿಲ್ಮ್ ಹಾಲಿನ ಕೆನೆಯಂತೆ ಜಾರಿ ಕೈಗೇ ಬಂತು. ಫಿಲ್ಮ್ ದಪ್ಪ ಇದ್ದಾಗ ಬೆಳಕು ಮೆಶ್‌ವರೆಗೂ ಮುಟ್ಟಬೇಕಲ್ವಾ? ಟೈಮ್ ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಹೋದೆ, ಮೂರನೇದು ಸರಿಯಾಯ್ತು.

ಸ್ಕ್ವೀಜಿ (ಇಂಕ್ ಎಳೆಯುವ ರಬ್ಬರ್ ಪಟ್ಟಿ) ನಿಧಾನ, ಒತ್ತಡ ಕಡಿಮೆ. ಒಂದು ಕೋಟ್, ಫ್ಲಾಶ್ (ಸ್ವಲ್ಪ ಹೊತ್ತು ಶಾಖ ಕೊಟ್ಟು ಅರೆ ಒಣಗಿಸುವುದು), ಮೇಲೆ ಇನ್ನೊಂದು. ಫ್ಲಾಶ್ ಜಾಸ್ತಿಯಾದರೆ ಮೇಲಿನ ಕೋಟ್ ಸಿಪ್ಪೆಯಂತೆ ಏಳುತ್ತದೆ, ಬೆರಳಿಗೆ ಅಂಟದಷ್ಟಾದರೆ ಸಾಕು. ಈಗ ಅಂಚು ಬ್ಲೇಡಿನಲ್ಲಿ ಕೊಯ್ದ ಹಾಗಿದೆ, ಉಗುರು ಆಡಿಸಿದರೆ ಟಕ್ ಅಂತ ತಡೆಯುತ್ತದೆ. ಪಫ್ ಇಂಕಿನಲ್ಲಿ ಈ ಚೌಕ ಅಂಚು ಬರುವುದಿಲ್ಲ, ಅದು ಬನ್ನಿನಂತೆ ಗುಂಡಗೆ ಊದುತ್ತದೆ.

ಕ್ಯೂರಿಂಗ್‌ನಲ್ಲೂ (ಕೊನೆಗೆ ಇಂಕನ್ನು ಕಾಯಿಸಿ ಗಟ್ಟಿ ಮಾಡುವುದು) ಒಮ್ಮೆ ಏಮಾರಿದೆ. ಮೇಲೆ ಗಟ್ಟಿ ಕಂಡ ಪ್ರಿಂಟನ್ನು ಕತ್ತರಿಸಿ ನೋಡಿದರೆ ಒಳಗೆ ಹಸಿ. ಪ್ಲಾಸ್ಟಿಸಾಲ್ (ಈ ಪ್ಲಾಸ್ಟಿಕ್ ಇಂಕ್) ಒಳಗಿನವರೆಗೂ 160 ಡಿಗ್ರಿಯ ಹತ್ತಿರ ಕಾಯಬೇಕು. ಹಾಗಾಗಿ ಶಾಖ ಏರಿಸದೆ ಡ್ರೈಯರ್‌ನ ಬೆಲ್ಟ್ ನಿಧಾನ ಮಾಡಿದೆ.

ತೀರಾ ಸಣ್ಣ ಗೆರೆಗಳು ಮಾತ್ರ ಇನ್ನೂ ಕೈಕೊಡುತ್ತಿವೆ. ಇಂಕ್ ಫಿಲ್ಮಿನೊಳಗೇ ಉಳಿದುಬಿಡುತ್ತದೆ. ಸದ್ಯಕ್ಕೆ ಡಿಸೈನ್‌ನಲ್ಲೇ ದಪ್ಪ ಮಾಡಿಕೊಂಡಿದ್ದೇನೆ.