ಮಕ್ಕಳ ಚಿಕಿತ್ಸೆಯ ‘ಡಿಸಿಷನ್ ಸಪೋರ್ಟ್’ ಆ್ಯಪ್: ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಕೇಳಬೇಕಿದ್ದದ್ದು ಒಂದೇ ಹೆಸರಿನ ಬಗ್ಗೆ. ಅದರ ಬೆನ್ನಿಗೇ ಇನ್ನೂ ನಾಲ್ಕಾರು ಪದಗಳು ಬಂದು ನಿಂತಿವೆ. ಅವನ್ನೂ ಇಲ್ಲೇ ಹಾಕುತ್ತೇನೆ.

ವಸ್ತು ಏನೆಂದು ಮೊದಲು ಹೇಳಿಬಿಡುತ್ತೇನೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನರ್ಸೋ ಆರೋಗ್ಯ ಕಾರ್ಯಕರ್ತೆಯೋ ಕಾಯಿಲೆ ಬಿದ್ದ ಮಗುವನ್ನು ನೋಡುತ್ತಿರುತ್ತಾರೆ. ಕೈಯಲ್ಲಿ ಟ್ಯಾಬ್ ಅಥವಾ ಮೊಬೈಲ್ ಇರುತ್ತದೆ. ಅದರಲ್ಲಿರುವ ಆ್ಯಪ್ ಒಂದೊಂದೇ ಪ್ರಶ್ನೆ ಕೇಳುತ್ತದೆ. ವಯಸ್ಸೆಷ್ಟು, ತೂಕ ಎಷ್ಟು, ಕೆಮ್ಮು ಇದೆಯಾ, ಜ್ವರ ಎಷ್ಟು ದಿನದಿಂದ. ಉತ್ತರ ಒತ್ತುತ್ತಾ ಹೋದ ಹಾಗೆ ಮುಂದಿನ ಪ್ರಶ್ನೆ ಬದಲಾಗುತ್ತದೆ. ಮಗುವನ್ನು ದೊಡ್ಡ ಆಸ್ಪತ್ರೆಗೆ ಕಳಿಸಬೇಕೋ, ಇಲ್ಲೇ ಔಷಧಿ ಕೊಡಬೇಕೋ, ಮನೆಯ ಆರೈಕೆ ಸಾಕೋ ಎಂದು ಕೊನೆಗೆ ಸೂಚಿಸುತ್ತದೆ. ತೂಕಕ್ಕೆ ತಕ್ಕ ಡೋಸ್ ಲೆಕ್ಕವೂ ಅದರದ್ದೇ.

ಇದರ ಬೇರು ಇರುವುದು ಕಾಗದದಲ್ಲಿ. 1990ರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಸೇರಿ, ಮಕ್ಕಳ ಕಾಯಿಲೆಗಳನ್ನು ಒಟ್ಟಾಗಿ ನೋಡಿಕೊಳ್ಳುವ ಐಎಂಸಿಐ ಎಂಬ ಪದ್ಧತಿ ತಂದವು. 5 ವರ್ಷದೊಳಗಿನ ಮಕ್ಕಳಿಗಾಗಿ ಮಾಡಿದ್ದು. ಚಾರ್ಟ್ ಪುಸ್ತಕದಲ್ಲಿ ಮೂರು ಬಣ್ಣ: ಗುಲಾಬಿ ಬಂದರೆ ತಕ್ಷಣ ಕಳಿಸಿ, ಹಳದಿ ಬಂದರೆ ಇಲ್ಲೇ ಚಿಕಿತ್ಸೆ, ಹಸಿರು ಬಂದರೆ ಮನೆಯಲ್ಲಿ ಆರೈಕೆ. ಜನ ತುಂಬಿದ ಹೊತ್ತಿನಲ್ಲಿ ಪುಟ ತಿರುವುವ ತಾಳ್ಮೆ ಯಾರಿಗಿರುತ್ತೆ? ಹಾಗಾಗಿ ಅದೇ ಚಾರ್ಟು ಆ್ಯಪ್ ಆಯಿತು, ಆಮೇಲೆ ಬೆಳೆಯಿತು.

ಈಗ ಹೆಸರು. ಅನುವಾದಗಳಲ್ಲಿ ‘ಡಿಜಿಟಲ್ ನಿರ್ಧಾರ ಬೆಂಬಲ ಸಾಧನ’ ಎಂದು ನೋಡಿದ್ದೇನೆ. ನಾಲ್ಕು ಪದ, ನಡುವೆ ಒಂದು ವಿಭಕ್ತಿಯೂ ಇಲ್ಲ. ‘ಬೆಂಬಲ’ ಎಂದ ಕೂಡಲೇ ನನಗೆ ನೆನಪಾಗುವುದು ಬೆಂಬಲ ಬೆಲೆ, ಸರ್ಕಾರಕ್ಕೆ ಬೆಂಬಲ ವಾಪಸ್. ಯಾರೋ ಆಗಲೇ ಮಾಡಿದ ನಿರ್ಧಾರಕ್ಕೆ ಈ ಆ್ಯಪ್ ಕೈ ಎತ್ತುತ್ತದೆ ಎನ್ನುವ ಅರ್ಥ ಬರುತ್ತೆ, ಅಲ್ವಾ? ಇಲ್ಲಿ ನಿರ್ಧಾರ ಇನ್ನೂ ಆಗಿಲ್ಲ. ಆಗುವುದಕ್ಕೆ ನೆರವು ಬೇಕು.

‘ನಿರ್ಣಯ’ ಹಾಕೋಣವೆಂದರೆ ಅದರ ಜೊತೆ ‘ರೋಗನಿರ್ಣಯ’ ಬಂದೇ ಬರುತ್ತದೆ. ಐಎಂಸಿಐ ಪದ್ಧತಿ ಇದನ್ನು ಬೇಕೆಂದೇ ತಪ್ಪಿಸಿದೆ. ಲ್ಯಾಬ್ ಇಲ್ಲ, ಎಕ್ಸ್‌ರೇ ಇಲ್ಲ. ಕಣ್ಣಿಗೆ ಕಂಡ ಲಕ್ಷಣಗಳ ಮೇಲೆ ಮಗುವನ್ನು ಒಂದು ಗುಂಪಿಗೆ ಹಾಕುವುದು, ಅಷ್ಟೇ. ‘ತೀರ್ಪು’ ಕೋರ್ಟಿನದು. ಉಳಿದದ್ದು ‘ತೀರ್ಮಾನ’. ನನ್ನ ಒಲವು ‘ತೀರ್ಮಾನಕ್ಕೆ ನೆರವಾಗುವ ಆ್ಯಪ್’ ಕಡೆಗೆ. ಉದ್ದ ನಿಜ. ಆದರೆ ತೀರ್ಮಾನ ಯಾರದು ಎನ್ನುವುದು ಅದರಲ್ಲಿ ಮಸುಕಾಗುವುದಿಲ್ಲ. ಆ್ಯಪ್ ಹಳದಿ ತೋರಿಸಿದರೂ ಮಗುವಿನ ಮುಖ ನೋಡಿ ನರ್ಸ್‌ಗೆ ಸರಿ ಅನ್ನಿಸದಿದ್ದರೆ ದೊಡ್ಡ ಆಸ್ಪತ್ರೆಗೆ ಕಳಿಸುವ ಹಕ್ಕು ಅವರದೇ. ಗೆಳೆಯರೊಬ್ಬರು ‘ಕೈಮರ’ ಎಂದರು. ನಾಲ್ಕು ದಾರಿ ಸೇರುವಲ್ಲಿ ಊರಿನ ಹೆಸರು ಹೊತ್ತು ನಿಲ್ಲುವ ಕಂಬ. ದಾರಿ ತೋರಿಸುತ್ತೆ, ನಡೆಯುವವರು ನಾವು. ಚೆಂದದ ಪದ, ಆದರೆ ಇವತ್ತು ಎಷ್ಟು ಜನಕ್ಕೆ ಗೊತ್ತು?

ಹೆಸರು ಏನೇ ಇರಲಿ, ಕೆಲಸ ಸಣ್ಣದಲ್ಲ. ತಾಂಜಾನಿಯಾದ ಆರೋಗ್ಯ ಕೇಂದ್ರಗಳಲ್ಲಿ ನಡೆದ ಒಂದು ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಎಂದಿನಂತೆ ನಡೆದ ಕೇಂದ್ರಗಳಲ್ಲಿ 100 ಮಕ್ಕಳಲ್ಲಿ ಸುಮಾರು 70 ಮಂದಿಗೆ ಆಂಟಿಬಯಾಟಿಕ್ ಬರೆಯಲಾಗಿತ್ತು. ಇ-ಪೋಕ್ಟ್ ಪ್ಲಸ್ ಎಂಬ ಆ್ಯಪ್ ಬಳಸಿದ ಕಡೆ ಅದು ಸುಮಾರು 23ಕ್ಕೆ ಇಳಿಯಿತು. (‘ಪ್ರತಿಜೀವಕ’ ಎಂದು ಬರೆಯಿರಿ ಎನ್ನುವವರಿಗೆ: ಔಷಧಿ ಅಂಗಡಿಯಲ್ಲಿ ಆ ಪದ ಹೇಳಿ ನೋಡಿ.)

ನನ್ನ ನಿಜವಾದ ತಲೆನೋವು ಹೆಸರಿನದಲ್ಲ, ಒಳಗಿನ ಪ್ರಶ್ನೆಗಳದು. ಕಾಗದದಲ್ಲಿ ಪದ ಮಸುಕಾಗಿದ್ದರೆ ಓದುವವರು ಅಂದಾಜು ಮಾಡಿಕೊಳ್ಳುತ್ತಾರೆ. ಆ್ಯಪ್‌ನಲ್ಲಿ ‘ಹೌದು’ ಒತ್ತಿದರೆ ಒಂದು ದಾರಿ, ‘ಇಲ್ಲ’ ಒತ್ತಿದರೆ ಇನ್ನೊಂದು ದಾರಿ.

ಮೊದಲನೆಯ ತೊಡಕು ಇದೇ ಹೌದು-ಇಲ್ಲ. ಪ್ರಶ್ನೆಗಳ ಒಂದು ಕನ್ನಡ ಕರಡಿನಲ್ಲಿ ‘ಮಗು ಹಾಲು ಕುಡಿಯುತ್ತಿಲ್ಲವೇ?’ ಎಂದಿತ್ತು. ಕನ್ನಡದಲ್ಲಿ ಇದಕ್ಕೆ ತಾಯಿ ‘ಇಲ್ಲ’ ಅಂದರೆ ಕುಡಿಯುತ್ತಿಲ್ಲ ಎಂದು ಅರ್ಥ. ‘ಹೌದು’ ಅಂದರೂ ಕುಡಿಯುತ್ತಿಲ್ಲ ಎಂದೇ ಅರ್ಥ! ಕುಡಿಯುತ್ತಿದ್ದರೆ ಅವರು ‘ಕುಡೀತಿದೆ’ ಅನ್ನುತ್ತಾರೆ. ಆ ಉತ್ತರಕ್ಕೆ ತೆರೆಯ ಮೇಲೆ ಗುಂಡಿಯೇ ಇಲ್ಲ. ಐಎಂಸಿಐ ಚಾರ್ಟಿನಲ್ಲಿ ಹಾಲು ಕುಡಿಯಲಾಗದಿರುವುದು ಅಪಾಯದ ಲಕ್ಷಣಗಳಲ್ಲಿ ಒಂದು. ಇಲ್ಲಿ ಎಡವಿದರೆ ಗುಲಾಬಿಗೆ ಹೋಗಬೇಕಾದ ಮಗು ಹಸಿರಿಗೆ ಹೋಗಬಹುದು.

ಅದೇ ವಾಕ್ಯದಲ್ಲಿ ಇನ್ನೊಂದು ವಿಷಯವಿದೆ. ಬೇಕಾಗಿರುವುದು ಕುಡಿಯಲು ಶಕ್ತಿಯೇ ಇಲ್ಲದ ಮಗು. ಹಟ ಮಾಡುವ ಮಗುವೂ ಕುಡಿಯುವುದಿಲ್ಲ, ಮೂಗು ಕಟ್ಟಿದ ಮಗುವೂ ಕುಡಿಯುವುದಿಲ್ಲ. ಮೂಗು ಕಟ್ಟಿದ್ದರೆ ಮೊದಲು ಮೂಗು ಚೊಕ್ಕ ಮಾಡಿ, ಆಮೇಲೆ ನೋಡಿ ಎನ್ನುವುದು ಆ ಪದ್ಧತಿಯ ಸೂಚನೆ. ಅದೃಷ್ಟಕ್ಕೆ ನಮ್ಮ ‘ಆಗು’ ಇಲ್ಲಿ ಕೈಕೊಡುವುದಿಲ್ಲ. ‘ಮಗುವಿಗೆ ಹಾಲು ಕುಡಿಯೋಕೆ ಆಗ್ತಿದೆಯಾ?’ ಎಂದರೆ ಮುಗಿಯಿತು. ಹೌದು, ಇಲ್ಲ ಎರಡೂ ನೆಟ್ಟಗೆ ಬರುತ್ತವೆ.

ಎರಡನೆಯದು ಉಸಿರು. ‘ಉಸಿರು ಜೋರಾಗಿದೆಯಾ?’ ಎಂದರೆ ವೇಗವೋ ಸದ್ದೋ? ನಮ್ಮಲ್ಲಿ ‘ಜೋರು’ ಎರಡಕ್ಕೂ ಸಲ್ಲುತ್ತದೆ. ಮೂಗು ಗೊರಗೊರ ಅನ್ನುವ ಮಗುವಿಗೂ ತಾಯಿ ಹೌದು ಎಂದಾರು. ‘ಏದುಸಿರು’ ಓಡಿ ಬಂದವರದು. ‘ಉಬ್ಬಸ’ ಆಸ್ತಮಾ ಕಡೆಗೆ ಎಳೆಯುತ್ತದೆ. ‘ಮೇಲುಸಿರು’ ಎಂದರಂತೂ ಮನೆಯವರು ಅಳುವುದಕ್ಕೇ ಶುರು ಮಾಡುತ್ತಾರೆ. ಇಲ್ಲಿ ನರ್ಸ್ ಎಣಿಸಿಯೇ ನೋಡುವುದರಿಂದ ‘ನಿಮಿಷಕ್ಕೆ ಎಷ್ಟು ಉಸಿರು?’ ಎಂದಿಟ್ಟರೆ ಸಾಕು ಅನ್ನಿಸುತ್ತದೆ. 2 ತಿಂಗಳಿಂದ 1 ವರ್ಷದೊಳಗೆ 50 ಅಥವಾ ಜಾಸ್ತಿ, 1 ವರ್ಷದಿಂದ 5 ವರ್ಷದೊಳಗೆ 40 ಅಥವಾ ಜಾಸ್ತಿ ಇದ್ದರೆ ವೇಗದ ಉಸಿರು ಎಂದು ಲೆಕ್ಕ. ಅಂಗಿ ಮೇಲೆತ್ತಿ, ಪೂರ್ತಿ ಒಂದು ನಿಮಿಷ, ಮಗು ಅಳದೆ ಇದ್ದಾಗ ಎಣಿಸಬೇಕು. ಅರ್ಧ ನಿಮಿಷಕ್ಕೆ ಕಿರುಚಿಕೊಂಡರೆ ಮತ್ತೆ ಮೊದಲಿಂದ. ಮಗು ‘ಶಾಂತವಾಗಿರಬೇಕು’ ಎಂದು ಪುಸ್ತಕಗಳಲ್ಲಿ ಇರುತ್ತದೆ. ‘ಅಳುತ್ತಿರಬಾರದು’ ಎಂದರೆ ಸಾಲದೇ?

ಮೂರನೆಯದಕ್ಕೆ ನಿಮ್ಮ ಸಹಾಯ ನಿಜವಾಗಿಯೂ ಬೇಕು. ನ್ಯುಮೋನಿಯಾದಲ್ಲಿ ಮಗು ಉಸಿರು ಒಳಗೆ ತೆಗೆದುಕೊಂಡಾಗ ಎದೆಯ ಕೆಳಭಾಗ ಒಳಕ್ಕೆ ಹೋಗುತ್ತದೆ. ಸಾಮಾನ್ಯವಾಗಿ ಎದೆ, ಹೊಟ್ಟೆ ಎರಡೂ ಹೊರಕ್ಕೆ ಬರಬೇಕು. ಹೀಗೆ ಒಳಕ್ಕೆ ಹೋಗುವುದಕ್ಕೆ ‘ಪಕ್ಕೆ ಸೆಳೆತ’ ಎನ್ನುತ್ತಾರೆ. ಕೇಳಿದರೆ ಕಣ್ಣಿಗೆ ಕಟ್ಟುತ್ತದೆ, ಒಳ್ಳೆಯ ಪದ. ಆದರೆ ಆ್ಯಪ್‌ನ ಪ್ರಶ್ನೆಗಳ ಪಟ್ಟಿಯಲ್ಲಿ ಫಿಟ್ಸ್ ಕೂಡ ಇದೆ. ಅದಕ್ಕೆ ಕೆಲವರು ‘ಸೆಳವು’ ಎಂದು ಬರೆದಿದ್ದಾರೆ, ಕೆಲವರು ‘ಸೆಳೆತ’ ಎಂದೇ ಬರೆದಿದ್ದಾರೆ. ಒಂದೇ ತೆರೆಯಲ್ಲಿ ಎರಡು ಸೆಳೆತ. ‘ಮೂರ್ಛೆ’ ಹಾಕಿದರೆ ಇನ್ನೊಂದು ಗೋಳು, ಏಕೆಂದರೆ ‘ಪ್ರಜ್ಞೆ ತಪ್ಪಿದೆಯಾ’ ಎನ್ನುವುದು ಬೇರೆಯೇ ಪ್ರಶ್ನೆ, ಜನ ಮೂರ್ಛೆ ಎನ್ನುವುದು ಎರಡಕ್ಕೂ. ಸದ್ಯಕ್ಕೆ ನಾನು ‘ಫಿಟ್ಸ್’ ಎಂದೇ ಉಳಿಸಿಕೊಂಡಿದ್ದೇನೆ. ಅದು ಈಗ ಕನ್ನಡದ್ದೇ ಪದ ಎಂದು ವಾದಿಸಲು ಸಿದ್ಧ.

ವಾಂತಿಯದೂ ಹೀಗೆಯೇ. ಹಸುಗೂಸು ಹಾಲು ಕುಡಿದು ಸ್ವಲ್ಪ ‘ಕಕ್ಕುವುದು’ ಮಾಮೂಲಿ. ಅಪಾಯದ ಲಕ್ಷಣ ಎಂದರೆ ಕೊಟ್ಟದ್ದೆಲ್ಲ ಹೊರಗೆ ಬರುವುದು, ಒಂದು ತೊಟ್ಟೂ ನಿಲ್ಲದಿರುವುದು. ‘ಏನು ಕೊಟ್ಟರೂ ಹೊಟ್ಟೆಯಲ್ಲಿ ನಿಲ್ತಿಲ್ವಾ?’ ಎಂದು ಬರೆಯೋಣವೆಂದರೆ ಮತ್ತೆ ಅದೇ ಹೌದು-ಇಲ್ಲದ ಗೋಜಲು. ‘ಕುಡಿದದ್ದೆಲ್ಲ ವಾಂತಿ ಆಗ್ತಿದೆಯಾ?’ ಎಂದರೆ ಹೇಗೆ?

ಇನ್ನು ಭೇದಿ. ‘ನಿರ್ಜಲೀಕರಣ’ ತೆರೆಯ ಮೇಲೆ ಬೇಡ ಎನ್ನುವುದರಲ್ಲಿ ಯಾರಿಗೂ ತಕರಾರು ಇರಲಾರದು. ‘ಮೈಯಲ್ಲಿ ನೀರು ಕಮ್ಮಿ’ ಸಾಕು. ಆದರೆ ಅದನ್ನು ತಿಳಿಯಲು ಹೊಟ್ಟೆಯ ಚರ್ಮ ನೋಡುವ ಪರೀಕ್ಷೆಗೆ ‘ಚಿವುಟಿ’ ಎಂದು ಬರೆದಿದ್ದಾರೆ. ಚಿವುಟಿದರೆ ನೋಯುತ್ತೆ, ಮಗು ಅಳುತ್ತೆ. ಪರೀಕ್ಷೆಯಲ್ಲಿ ಉಗುರು ತಾಗುವ ಹಾಗೆಯೇ ಇಲ್ಲ. ಹೆಬ್ಬೆರಳು, ತೋರುಬೆರಳ ನಡುವೆ ಚರ್ಮವನ್ನು ಹಿಡಿದು ಎತ್ತಿ ಬಿಡಬೇಕು. ಚರ್ಮ ಮತ್ತೆ ಮೊದಲಿನಂತೆ ಕೂರಲು 2 ಸೆಕೆಂಡಿಗಿಂತ ಜಾಸ್ತಿ ಹೊತ್ತು ಬೇಕಾದರೆ ಅದು ಗಂಭೀರ ಲಕ್ಷಣ. ‘ಚರ್ಮ ಹಿಡಿದೆತ್ತಿ ಬಿಡಿ’ ಎಂದು ತಿದ್ದಿದ್ದೇನೆ.

ಕೊನೆಯದು, ಮಗು ‘ಮಂಕಾಗಿದೆ’. ಎಚ್ಚರವಿದ್ದರೂ ಸುತ್ತಲಿನದರ ಕಡೆ ಗಮನವಿಲ್ಲದ, ಕರೆದರೆ ನೋಡದ ಸ್ಥಿತಿಗೆ ಇದಕ್ಕಿಂತ ಹತ್ತಿರದ ಪದ ನನಗೆ ಸಿಕ್ಕಿಲ್ಲ. ‘ನಿತ್ರಾಣ’ ಶಕ್ತಿಯ ಮಾತು, ‘ಜೋಂಪು’ ನಿದ್ದೆಯ ಮಾತು, ‘ಆಲಸ್ಯ’ ಎಂದು ಬರೆದವರಿಗೆ ಮಗುವಿನ ಮೇಲೆ ಏನು ಸಿಟ್ಟೋ ಗೊತ್ತಿಲ್ಲ. ಆದರೆ ‘ಮಂಕು’ ಎಂದರೆ ದಡ್ಡ ಎಂದೂ ಆಗುತ್ತದೆ. ‘ನಿಮ್ಮ ಮಗು ಮಂಕಾ?’ ಎಂದು ಯಾರಾದರೂ ಓದಿ ಹೇಳಿದರೆ ತಾಯಿಗೆ ಹೇಗಾದೀತು? ಅದಕ್ಕೆ ‘ಮಂಕಾಗಿ ಮಲಗಿದೆಯಾ, ಕರೆದರೆ ನೋಡುತ್ತಾ?’ ಎಂದು ಬರೆದು ನೋಡಿದೆ. ಒಂದೇ ಗುಂಡಿಗೆ ಎರಡು ಪ್ರಶ್ನೆ ಎಂದು ಆ್ಯಪ್ ಮಾಡುವವರು ವಾಪಸ್ ಕಳಿಸಿದರು.

ನಿಮ್ಮ ಮನೆಯ ಹಿರಿಯರು, ನಿಮಗೆ ಗೊತ್ತಿರುವ ನರ್ಸ್‌ಗಳು ‘ಮಂಕು’, ‘ಪಕ್ಕೆ ಸೆಳೆತ’, ‘ಫಿಟ್ಸ್’ ಈ ಮೂರಕ್ಕೆ ಏನನ್ನುತ್ತಾರೆ ಎಂದು ಕೇಳಿ ಬರೆಯಿರಿ. ನಿಘಂಟಿನಲ್ಲಿ ಇರುವುದನ್ನು ನಾನೇ ನೋಡಿದ್ದೇನೆ. ಬಾಯಲ್ಲಿ ಇರುವುದು ಬೇಕು.