ಮಳೆಕಾಡಿಗೆ ಒಯ್ಯುವ ಚಾಕು ಹೇಗಿರಬೇಕು?

ಪ್ರಶ್ನೆ: ಸೋನೆಮಳೆ

ಎಲ್ಲರಿಗೂ ನಮಸ್ಕಾರ. ದಾರಿ ತಪ್ಪಿಯೋ ಕಾಲು ಉಳುಕಿಯೋ ಒಂದು ರಾತ್ರಿಯನ್ನು ಕಾಡಿನಲ್ಲೇ ಕಳೆಯಬೇಕಾಗಿ ಬಂದರೆ ನಿಜವಾಗಿ ಉಪಯೋಗಕ್ಕೆ ಬರುವಂತಹ ಒಂದು ಚಾಕುವನ್ನು ಕೊಳ್ಳಬೇಕೆಂದಿದ್ದೇನೆ. ನಾನು ಹೆಚ್ಚಾಗಿ ಹೋಗುವುದು ಎರಡು ಬಗೆಯ ಜಾಗಗಳಿಗೆ. ಒಂದು, ಕುಮಾರಪರ್ವತ, ಕುದುರೆಮುಖ, ಕೊಡಚಾದ್ರಿಯಂತಹ ಚಾರಣದ ದಾರಿಗಳು. ಇನ್ನೊಂದು, ಶಿರಸಿಯ ಹತ್ತಿರ ಇರುವ ನನ್ನ ಸೋದರಮಾವನ ಅಡಿಕೆ ತೋಟ ಮತ್ತು ಅದಕ್ಕೆ ಹೊಂದಿಕೊಂಡ, ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟ.

ಅಂಗಡಿಯಲ್ಲಿ ವಿಚಾರಿಸಿದಾಗ ‘ಸರ್ವೈವಲ್ ನೈಫ್’ ಎಂದು ತೋರಿಸಿದ ಚಾಕುವಿಗೆ ಹತ್ತಿಂಚಿನ ಅಲಗು, ಬೆನ್ನಿನ ಮೇಲೆ ಗರಗಸದ ಹಲ್ಲು, ಟೊಳ್ಳು ಹಿಡಿಯೊಳಗೆ ಬೆಂಕಿಕಡ್ಡಿ ಮತ್ತು ಗಾಳ, ಹಿಡಿಯ ತುದಿಯಲ್ಲಿ ದಿಕ್ಸೂಚಿ ಎಲ್ಲವೂ ಇದ್ದವು. ಜೊತೆಗೆ ಚಾರಣಕ್ಕೆ ಬರುವ ಗೆಳತಿ ಮಡಚುವ ಚಾಕುವೇ ಸಾಕು ಎನ್ನುತ್ತಾಳೆ. ಮಾವನಂತೂ ಬಳ್ಳಿ, ಕೊಂಬೆ ಸವರುವ ಕತ್ತಿಯಿರುವಾಗ ಚಾಕು ಯಾತಕ್ಕೆ ಎಂದು ಕೇಳುತ್ತಾರೆ. ಅಲಗು ಎಷ್ಟು ಉದ್ದವಿರಬೇಕು, ಮಡಚುವುದೋ ಮಡಚದಿರುವುದೋ, ತುಕ್ಕು ಹಿಡಿಯದ ಉಕ್ಕೋ ಇಂಗಾಲದ ಉಕ್ಕೋ, ಇವಿಷ್ಟನ್ನು ಅನುಭವಿಗಳು ಕಾರಣ ಸಹಿತ ತಿಳಿಸಿಕೊಡಬೇಕೆಂದು ಕೋರುತ್ತೇನೆ.

ಉತ್ತರ 1: ಹುಲ್ಲುಗಾವಲು

ಸೋನೆಮಳೆಯವರೇ, ಅಂಗಡಿಯವರು ತೋರಿಸಿದ ಆ ಚಾಕುವನ್ನು ದಯವಿಟ್ಟು ಕೊಳ್ಳಬೇಡಿ. ಕಾರಣವನ್ನು ವಿವರವಾಗಿಯೇ ಬರೆಯುತ್ತೇನೆ.

ನಮ್ಮ ಘಟ್ಟಗಳಲ್ಲಿ ಸಿಕ್ಕಿಕೊಂಡವರನ್ನು ಮೊದಲು ಹಣ್ಣುಮಾಡುವುದು ಹಸಿವೂ ಅಲ್ಲ, ಕಾಡುಪ್ರಾಣಿಯೂ ಅಲ್ಲ, ಮಳೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುತ್ತದೆ. ಸುಮಾರು 1890 ಮೀಟರ್ ಎತ್ತರದ ಕುದುರೆಮುಖದ ಬೋಳುಗುಡ್ಡದ ಮೇಲೆ ಗಾಳಿ ಮತ್ತು ಮಳೆ ಒಟ್ಟಿಗೆ ಬಂದರೆ, ಹಿಮವೇ ಬೀಳದ ಈ ನಾಡಿನಲ್ಲೂ ಒದ್ದೆ ಬಟ್ಟೆಯಲ್ಲಿರುವ ಮನುಷ್ಯನ ಮೈಯ ಶಾಖ ಅಪಾಯದ ಮಟ್ಟಕ್ಕೆ ಇಳಿಯಬಲ್ಲದು. ಹಾಗಾಗಿ ಚಾಕು ಮಾಡಬೇಕಾದ ಮೊದಲ ಕೆಲಸವೆಂದರೆ ಮಳೆಗೆ ಮರೆ ಕಟ್ಟಿಕೊಳ್ಳಲು ನೆರವಾಗುವುದು: ಟಾರ್ಪಾಲಿನ ಹಗ್ಗ ಕತ್ತರಿಸುವುದು, ಗೂಟದ ತುದಿ ಚೂಪು ಮಾಡುವುದು, ಒಣಗಿ ನಿಂತ ವಾಟೆಬಿದಿರನ್ನೋ ಸಣ್ಣ ಗಳುವನ್ನೋ ಬೇಕಾದ ಅಳತೆಗೆ ತುಂಡರಿಸುವುದು. ಎರಡನೆಯ ಕೆಲಸ ಬೆಂಕಿ. ಮಳೆಗಾಲದಲ್ಲಿ ನೆಲದ ಮೇಲೆ ಬಿದ್ದ ಕಟ್ಟಿಗೆಯೆಲ್ಲ ನೀರು ಕುಡಿದಿರುತ್ತದೆ. ಆದರೆ ನಿಂತಲ್ಲೇ ಒಣಗಿದ ಕೊಂಬೆಯನ್ನು ಸೀಳಿದರೆ ಒಳಗಿನ ತಿರುಳು ಬಹಳ ಸಲ ಒಣಗಿಯೇ ಇರುತ್ತದೆ. ಚಾಕುವನ್ನು ಕೊಂಬೆಯ ತುದಿಗೆ ಅಡ್ಡಲಾಗಿ ಇಟ್ಟು, ಅದರ ಬೆನ್ನಿಗೆ ಇನ್ನೊಂದು ಕೊರಡಿನಿಂದ ಹೊಡೆದು ಸೀಳಬೇಕು. ಹಾಗೆ ಬಂದ ಸೀಳುಗಳನ್ನು ತೆಳ್ಳಗೆ ಹೆರೆದು ಸುರುಳಿಗಳನ್ನು ಮಾಡಬೇಕು. ಬೆಂಕಿಕಡ್ಡಿಯು ಒದ್ದೆಯಾದರೆ ಕೆಟ್ಟುಹೋಗುತ್ತದೆ, ಆದರೆ ಫೆರೋ ರಾಡ್ ಎಂಬ ಕಿಡಿ ಹಾರಿಸುವ ಲೋಹದ ಕಡ್ಡಿ ಒದ್ದೆಯಾದರೂ ಒರೆಸಿಕೊಂಡು ಉಜ್ಜಿದರೆ ಕಿಡಿ ಕೊಡುತ್ತದೆ. ಅದನ್ನು ಉಜ್ಜಲು ಅಲಗಿನ ಹರಿತವಾದ ಬಾಯಿಯನ್ನು ಬಳಸಬಾರದು, ಬೆನ್ನನ್ನು ಬಳಸಬೇಕು. ಆದ್ದರಿಂದ ಬೆನ್ನಿನ ಅಂಚು ದುಂಡಗಿರದೆ ನೇರ ಮೂಲೆಯಂತೆ ಚೌಕವಾಗಿರಬೇಕು.

ಈ ಕೆಲಸಗಳಿಗೆ ಒದಗುವ ಅಲಗು ನಿಮ್ಮ ಅಂಗೈಯ ಅಗಲಕ್ಕಿಂತ ತುಸು ಉದ್ದವಿದ್ದರೆ ಸಾಕು, ಎಂದರೆ 9ರಿಂದ 11 ಸೆಂಟಿಮೀಟರ್. ದಪ್ಪ ಎರಡೂವರೆಯಿಂದ ಮೂರೂವರೆ ಮಿಲಿಮೀಟರ್. ಹತ್ತಿಂಚಿನ ಅಲಗಿನ ತೊಂದರೆಯೇನೆಂದರೆ, ಸುರುಳಿ ಹೆರೆಯುವಂತಹ ಸೂಕ್ಷ್ಮ ಕೆಲಸಕ್ಕೆ ಅದರ ತುದಿ ಕೈಯ ಹಿಡಿತಕ್ಕೆ ಸಿಗುವುದಿಲ್ಲ, ಕೊಂಬೆ ಕಡಿಯುವಷ್ಟು ತೂಕವೂ ಅದಕ್ಕಿರುವುದಿಲ್ಲ. ಟೊಳ್ಳು ಹಿಡಿಯಲ್ಲಿ ಅಲಗಿನ ಉಕ್ಕು ಹಿಡಿಯ ಬಾಯಲ್ಲೇ ಮುಗಿದು ಒಂದು ಸಣ್ಣ ತಿರುಪಿನ ಮೇಲೆ ನಿಂತಿರುತ್ತದೆ. ಪಕ್ಕಕ್ಕೆ ಒತ್ತಡ ಬಿದ್ದ ಕೂಡಲೇ ಮುರಿಯುವುದು ಆ ಜಾಗವೇ. ಬೆನ್ನಿನ ಮೇಲಿನ ಹಲ್ಲುಗಳು ಗರಗಸದಂತೆ ಕೊಯ್ಯುವುದಿಲ್ಲ. ಬದಲಾಗಿ ಸೀಳುವಾಗ ಹೊಡೆಯುವ ಕೊರಡನ್ನು ತಿಂದುಹಾಕುತ್ತವೆ, ಫೆರೋ ರಾಡ್ ಉಜ್ಜಲು ನೇರವಾದ ಅಂಚನ್ನೂ ಉಳಿಸುವುದಿಲ್ಲ.

ಮಡಚುವ ಚಾಕುವಿನ ಬಗ್ಗೆ ನಿಮ್ಮ ಗೆಳತಿಯ ಮಾತನ್ನು ಪೂರ್ತಿ ತಳ್ಳಿಹಾಕಲಾರೆ. ಕತ್ತರಿ, ಮುಳ್ಳು ಕೀಳುವ ಚಿಮಟ ಇರುವ ವಿಕ್ಟೋರಿನಾಕ್ಸ್‌ನಂತಹ ಚಾಕು ಎರಡನೆಯ ಸಾಧನವಾಗಿ ಬಹಳ ಒಳ್ಳೆಯದು. ಆದರೆ ಕೊರಡಿನಿಂದ ಹೊಡೆದು ಸೀಳುವಾಗ ಕೀಲಿನ ಮೇಲೆ ಬೀಳುವ ಪೆಟ್ಟನ್ನು ಅದು ತಾಳುವುದಿಲ್ಲ. ಕೆಸರು ಹೊಕ್ಕ ಕೀಲು ಸರಿಯಾಗಿ ಬಿಗಿಯದಿದ್ದರೆ ಅಲಗು ಬೆರಳಿನ ಮೇಲೆಯೇ ಮಡಚಿಕೊಳ್ಳುತ್ತದೆ. ಮೊದಲ ಚಾಕು ಮಡಚದಿರುವುದೇ ಆಗಿರಲಿ. ನನ್ನ ಆಯ್ಕೆ ಸ್ವೀಡನ್ನಿನ ಮೋರಾ ಕಂಪ್ಯಾನಿಯನ್: ಸುಮಾರು 10 ಸೆಂಟಿಮೀಟರ್ ಅಲಗು, ಎರಡೂವರೆ ಮಿಲಿಮೀಟರ್ ದಪ್ಪ, ಒದ್ದೆ ಕೈಯಲ್ಲೂ ಜಾರದ ರಬ್ಬರಿನಂತಹ ಹಿಡಿ. ಆಡಂಬರವಿಲ್ಲದ ಚಾಕು. ಅದರ ಬೆನ್ನಿನ ಅಂಚು ಅಷ್ಟು ಚೌಕವಾಗಿ ಬರುವುದಿಲ್ಲವಾದ್ದರಿಂದ ಒಂದು ಅರದಿಂದ ಸ್ವಲ್ಪ ಭಾಗವನ್ನು ತಿದ್ದಿಕೊಳ್ಳಬೇಕಾಗುತ್ತದೆ.

ಉತ್ತರ 2: ಕುಲುಮೆ

ಹುಲ್ಲುಗಾವಲು ಅವರು ಹೇಳಿದ ಉದ್ದ, ದಪ್ಪಗಳನ್ನು ಒಪ್ಪುತ್ತೇನೆ. ಆದರೆ ಅವರು ಸೂಚಿಸಿದ ಚಾಕುವಿನಲ್ಲಿ ಅಲಗಿನ ಬಾಲವು ಹಿಡಿಯ ಕೊನೆಯವರೆಗೆ ಹೋಗದೆ ಒಳಗೇ ನಿಲ್ಲುತ್ತದೆ. ಹಿಡಿಯ ಕೊನೆಯವರೆಗೂ ಉಕ್ಕು ಹಾಯ್ದಿರುವ ಚಾಕುವಾದರೆ, ಹಿಡಿ ಒಡೆದುಹೋದರೂ ಬಟ್ಟೆ ಸುತ್ತಿಕೊಂಡು ಕೆಲಸ ಮುಂದುವರಿಸಬಹುದು. ಜೀವದ ಮೇಲೆ ಬಂದಾಗ ಬಳಸುವ ಸಾಧನಕ್ಕೆ ಈ ಗುಣ ಇರಲೇಬೇಕೆಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಇನ್ನು ಉಕ್ಕಿನ ಮಾತು. ನಮ್ಮದು ಕತ್ತಿ, ಕುಡುಗೋಲು ಮಾಡಿಕೊಂಡು ಬಂದ ಮನೆ. ಹಾಗಾಗಿ ಇದನ್ನು ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಮಲೆನಾಡಿನ ಹೆಚ್ಚಿನ ಕತ್ತಿಗಳು ಲಾರಿಯ ಪಾಟಾದಿಂದ (ಭಾರ ತಾಳುವ ಪಟ್ಟಿ ಸ್ಪ್ರಿಂಗಿನಿಂದ) ಆದವು. ಆ ಉಕ್ಕಿನಲ್ಲಿ ಇಂಗಾಲ ಸುಮಾರು ಶೇ. 0.6ರಷ್ಟಿರುತ್ತದೆ, ಪೆಟ್ಟು ತಾಳುವುದೇ ಅದರ ಹುಟ್ಟುಗುಣ. ಆದರೆ ಯಾವ ಉಕ್ಕೇ ಇರಲಿ, ಹದ ಕೆಟ್ಟರೆ ಎಲ್ಲವೂ ಕೆಟ್ಟಂತೆ. ಅಯಸ್ಕಾಂತಕ್ಕೆ ಅಂಟದಷ್ಟು ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದಾಗ ಉಕ್ಕು ಗಾಜಿನಂತೆ ಪೆಡಸಾಗುತ್ತದೆ. ಅದನ್ನು ಮತ್ತೆ ಸುಮಾರು 200 ಡಿಗ್ರಿ ಶಾಖಕ್ಕೆ, ಮೈಮೇಲೆ ಒಣಹುಲ್ಲಿನ ಬಣ್ಣ ಮೂಡುವವರೆಗೆ, ನಿಧಾನವಾಗಿ ಕಾಯಿಸಿದಾಗಲೇ ಪೆಡಸುತನ ಹೋಗಿ ಗಟ್ಟಿತನ ಉಳಿಯುತ್ತದೆ. ಕಾರ್ಖಾನೆಯ ಚಾಕುಗಳಲ್ಲಿ ಈ ಗಟ್ಟಿತನವನ್ನು ರಾಕ್‌ವೆಲ್ ಅಳತೆಯಲ್ಲಿ ಬರೆದಿರುತ್ತಾರೆ. ಕಾಡಿನ ಕೆಲಸಕ್ಕೆ 56ರಿಂದ 60ರ ನಡುವೆ ಇರುವುದು ಒಳ್ಳೆಯದು. ಕುಲುಮೆಯಲ್ಲಿ ಮಾಡಿಸುವುದಾದರೆ ಒಂದು ಅರವನ್ನು ಅಲಗಿನ ಬಾಯಿಯ ಮೇಲೆ ಹಗುರವಾಗಿ ಎಳೆದು ನೋಡಿ. ಅರ ಜಾರಿದರೆ ಹದ ಕೂತಿದೆ. ಸುಲಭವಾಗಿ ಕಚ್ಚಿ ತಿಂದರೆ ಅಲಗು ಮೆದುವಾಗಿದೆ.

ತುಕ್ಕು ಹಿಡಿಯದ ಉಕ್ಕು ಎಂದು ಕರೆಸಿಕೊಳ್ಳಲು ಶೇ. 10.5ರಷ್ಟಾದರೂ ಕ್ರೋಮಿಯಂ ಬೇಕು. ಸ್ವೀಡನ್ನಿನ 12ಸಿ27 ಎಂಬ ಉಕ್ಕಿನಲ್ಲಿ ಅದು ಶೇ. 13.5ರಷ್ಟಿದೆ, ಮಸೆಯುವುದೂ ಸುಲಭ. ಈಗ ಜನಪ್ರಿಯವಾಗಿರುವ ಡಿ2 ಉಕ್ಕಿನ ಹರಿತ ಬಹಳ ಕಾಲ ಬಾಳುತ್ತದೆ ನಿಜ, ಆದರೆ ಒಮ್ಮೆ ಮೊಂಡಾದರೆ ಸಾಮಾನ್ಯ ಮಸೆಗಲ್ಲಿಗೆ ಅದು ಬೇಗ ಬಗ್ಗುವುದಿಲ್ಲ. ಹೊಸಬರಿಗೆ ಅದನ್ನು ನಾನು ಹೇಳುವುದಿಲ್ಲ. ಮಳೆಗಾಲದಲ್ಲಿ ಇಂಗಾಲದ ಉಕ್ಕನ್ನು ಒಂದು ರಾತ್ರಿ ಒದ್ದೆ ಒರೆಯಲ್ಲಿ ಬಿಟ್ಟರೆ ಬೆಳಿಗ್ಗೆಗೆ ಕೆಂಪು ತುಕ್ಕು ಕಾಣಿಸಿಕೊಳ್ಳುತ್ತದೆ. ದಿನವೂ ಒರೆಸಿ ಎಣ್ಣೆ ಹಚ್ಚುವ ಅಭ್ಯಾಸವಿರುವವರಿಗೆ ಅದು ತೊಂದರೆಯಲ್ಲ. ಅಪರೂಪಕ್ಕೊಮ್ಮೆ ಚೀಲದಿಂದ ತೆಗೆಯುವವರು 12ಸಿ27ನಂತಹದನ್ನೇ ಕೊಳ್ಳಲಿ. ಮಡಚುವ ಚಾಕುಗಳಲ್ಲಿ ಮರದ ಹಿಡಿಯವು ನೋಡಲು ಚೆಂದ, ಆದರೆ ಒಪಿನೆಲ್‌ನಂತಹ ಚಾಕುವಿನ ಮರವು ಒದ್ದೆಯಾಗಿ ಉಬ್ಬಿದರೆ ಅಲಗನ್ನು ಹೊರಗೆಳೆಯುವುದೇ ಕಷ್ಟವಾಗುತ್ತದೆ. ನಮ್ಮ ಹವೆಗೆ ಅದು ಹೊಂದುವುದಿಲ್ಲ.

ನಿಮ್ಮ ಮಾವನವರ ಮಾತಿಗೂ ಬೆಲೆಯಿದೆ. ಸೊಪ್ಪಿನಬೆಟ್ಟದಲ್ಲಿ ಬಳ್ಳಿ, ಮುಳ್ಳುಕಂಟಿ ಸವರಿ ದಾರಿ ಮಾಡಿಕೊಳ್ಳಲು ಸೊಂಟದ ಕೊಕ್ಕೆಯಲ್ಲಿ ನೇತಾಡುವ ಕತ್ತಿಗೆ ಸರಿಸಾಟಿಯಾದದ್ದು ಇನ್ನೊಂದಿಲ್ಲ. ತುದಿ ಒಳಕ್ಕೆ ಬಾಗಿರುವುದರಿಂದ ಎಳೆದಾಗ ಕೊಂಬೆ ಜಾರುವುದಿಲ್ಲ. ಬೆಟ್ಟಕ್ಕೆ ಹೋಗುವಾಗ ಕತ್ತಿ ಮತ್ತು ಸಣ್ಣ ಚಾಕು ಎರಡೂ ಜೊತೆಗಿದ್ದರೆ ದೊಡ್ಡ ಚಾಕು ಬೇಕಾಗುವುದೇ ಇಲ್ಲ.

ಉತ್ತರ 3: ಗಡಿಕಲ್ಲು

ಮೇಲಿನ ಇಬ್ಬರೂ ಹೇಳಿದ್ದು ಸರಿಯಾಗಿದೆ. ಆದರೆ ಎಲ್ಲಕ್ಕಿಂತ ಮೊದಲು ಬರಬೇಕಾದ ವಿಷಯವನ್ನು ಯಾರೂ ಎತ್ತಿಲ್ಲ. ಪ್ರಶ್ನೆ ಕೇಳಿದವರು ಹೆಸರಿಸಿದ ಮೂರೂ ಚಾರಣಗಳು ರಕ್ಷಿತ ಪ್ರದೇಶದೊಳಗಿವೆ: ಕುಮಾರಪರ್ವತ ಪುಷ್ಪಗಿರಿ ವನ್ಯಜೀವಿಧಾಮದಲ್ಲಿ, ಕೊಡಚಾದ್ರಿ ಮೂಕಾಂಬಿಕಾ ವನ್ಯಜೀವಿಧಾಮದಲ್ಲಿ, ಕುದುರೆಮುಖ ರಾಷ್ಟ್ರೀಯ ಉದ್ಯಾನದಲ್ಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 31ನೆಯ ಪ್ರಕರಣದಂತೆ, ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅಧಿಕಾರ ಪಡೆದ ಅಧಿಕಾರಿಯ ಪೂರ್ವ ಲಿಖಿತ ಅನುಮತಿಯಿಲ್ಲದೆ ಯಾರೂ ಆಯುಧದೊಂದಿಗೆ ಅಭಯಾರಣ್ಯವನ್ನು, ಎಂದರೆ ವನ್ಯಜೀವಿಧಾಮವನ್ನು, ಪ್ರವೇಶಿಸುವಂತಿಲ್ಲ. ಅದೇ ಕಾಯ್ದೆಯು ಆಯುಧಕ್ಕೆ ಕೊಡುವ ವಿವರಣೆಯಲ್ಲಿ ಬಂದೂಕು, ಬಲೆ, ಉರುಳುಗಳ ಜೊತೆಗೆ ಚಾಕುವೂ ಸೇರಿದೆ. ಅಲಗು ಇಷ್ಟುದ್ದದವರೆಗೆ ಪರವಾಗಿಲ್ಲ ಎಂಬ ರಿಯಾಯಿತಿ ಅಲ್ಲಿಲ್ಲ. ಈ ನಿಷೇಧ ರಾಷ್ಟ್ರೀಯ ಉದ್ಯಾನಗಳಿಗೂ ಅನ್ವಯಿಸುತ್ತದೆ. ಅಭಯಾರಣ್ಯಕ್ಕೆ ಅಪಾಯವಾಗುವಂತೆ ಬೆಂಕಿ ಹೊತ್ತಿಸುವುದನ್ನು 30ನೆಯ ಪ್ರಕರಣ ನಿಷೇಧಿಸುತ್ತದೆ. ಕಳ್ಳಬೇಟೆಯನ್ನು ತಡೆಯಲು ಹಗಲಿರುಳು ಕಾಡು ತಿರುಗುವ ಸಿಬ್ಬಂದಿಗೆ ನಿಮ್ಮ ಚೀಲದ ಚಾಕು ಯಾವ ಉದ್ದೇಶದ್ದೆಂದು ನೋಡಿದೊಡನೆ ತಿಳಿಯುವುದಿಲ್ಲ. ಆದ್ದರಿಂದ ಈ ನಿಯಮವನ್ನು ಅಡ್ಡಿಯೆಂದು ತಿಳಿಯದೆ ಗೌರವದಿಂದ ಪಾಲಿಸಬೇಕೆಂದು ನನ್ನ ವಿನಂತಿ.

ಅಭಯಾರಣ್ಯದ ಹೊರಗೆ ಅನ್ವಯಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆ. ಅದರ ನಿಯಮಗಳ ಅನುಸೂಚಿಯಲ್ಲಿ 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗಿರುವ ಚಾಕುಗಳನ್ನು ಶಸ್ತ್ರಗಳ ಸಾಲಿಗೆ ಸೇರಿಸಲಾಗಿದ್ದು, ಮನೆಬಳಕೆಗೆ, ಬೇಸಾಯಕ್ಕೆ, ವೈಜ್ಞಾನಿಕ ಅಥವಾ ಕೈಗಾರಿಕಾ ಕೆಲಸಕ್ಕೆಂದು ಮಾಡಿದವುಗಳನ್ನು ಹೊರಗಿಡಲಾಗಿದೆ. ಹತ್ತಿಂಚಿನ ಆ ಚಾಕುವನ್ನು ಬೇಡವೆನ್ನಲು ಇದು ಇನ್ನೊಂದು ಕಾರಣ. ಚುನಾವಣೆ, ಗಲಭೆಯ ಹೊತ್ತಿನಲ್ಲಿ ಊರುಗಳಲ್ಲಿ ಹೊರಡುವ ನಿಷೇಧಾಜ್ಞೆಗಳು ಸಣ್ಣ ಚಾಕುವಿಗೂ ತಗಲಬಹುದು. ಬಸ್ಸಿನಲ್ಲಿ ಹೋಗುವಾಗ ಅದನ್ನು ಸೊಂಟಕ್ಕೆ ಕಟ್ಟಿಕೊಳ್ಳದೆ, ಒರೆಗೆ ಹಾಕಿ ಚೀಲದ ತಳದಲ್ಲಿ ಇಡಿ. ವಿಮಾನದಲ್ಲಾದರೆ ಕೈಚೀಲದಲ್ಲಿ ಒಯ್ಯುವಂತಿಲ್ಲ.

ಸೋನೆಮಳೆ

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ಗಡಿಕಲ್ಲು ಅವರು ತಿಳಿಸಿದ ನಿಯಮ ನನಗೆ ಗೊತ್ತಿರಲಿಲ್ಲ. ಹಾಗಾದರೆ ಚಾರಣಕ್ಕೆ ಚಾಕುವನ್ನು ಒಯ್ಯುವುದಿಲ್ಲ. ಹನ್ನೆರಡೂ ತಿಂಗಳು ತಿರುಗುವ ಸೊಪ್ಪಿನಬೆಟ್ಟಕ್ಕೆ ಹಿಡಿಯ ಕೊನೆಯವರೆಗೂ ಉಕ್ಕಿರುವ, ನಾಲ್ಕಿಂಚಿನ, ತುಕ್ಕು ಹಿಡಿಯದ ಚಾಕುವನ್ನು ಕೊಳ್ಳುತ್ತೇನೆ. ಇನ್ನು ಮೂರು ಪ್ರಶ್ನೆಗಳು ಉಳಿದಿವೆ. ಚಾಕುವಿಲ್ಲದೆ ಚಾರಣಕ್ಕೆ ಹೋದಾಗ ಆ ಕೊರತೆಯನ್ನು ಹೇಗೆ ತುಂಬಿಕೊಳ್ಳಬೇಕು? ಬೆಟ್ಟದಲ್ಲಿ ಒಬ್ಬಳೇ ಇದ್ದಾಗ ಚಾಕುವಿನಿಂದಲೇ ಗಾಯವಾಗದಂತೆ ಏನು ಎಚ್ಚರ ವಹಿಸಬೇಕು? ಹಾವು ಕಚ್ಚಿದ ಜಾಗವನ್ನು ಕೊಯ್ದು ರಕ್ತ ಹೊರತೆಗೆಯಲು ಚಾಕು ಬೇಕೇ ಬೇಕು ಎಂದು ನೆರೆಯವರೊಬ್ಬರು ಹೇಳಿದ್ದಾರೆ, ಅದು ಸರಿಯೇ?

ಉತ್ತರ 4: ಹುಲ್ಲುಗಾವಲು

ಕೊನೆಯದಕ್ಕೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ಜೀವದ ಪ್ರಶ್ನೆ. ಹಾವು ಕಚ್ಚಿದ ಜಾಗವನ್ನು ಯಾವ ಕಾರಣಕ್ಕೂ ಕೊಯ್ಯಬಾರದು, ಹೀರಬಾರದು, ಬಿಗಿಯಾಗಿ ಕಟ್ಟಬಾರದು. ಕೊಯ್ದರೆ ವಿಷ ಹೊರಬರುವುದಿಲ್ಲ. ಕೊಳಕುಮಂಡಲದಂತಹ ಹಾವಿನ ವಿಷವು ರಕ್ತ ಹೆಪ್ಪುಗಟ್ಟುವುದನ್ನೇ ಕೆಡಿಸುವುದರಿಂದ, ಕೊಯ್ದ ಗಾಯದ ರಕ್ತ ನಿಲ್ಲದೆ ಹರಿಯಬಹುದು. ಕಚ್ಚಿಸಿಕೊಂಡ ಕೈಕಾಲನ್ನು ಅಲುಗಾಡದಂತೆ ಇರಿಸಿ, ಉಂಗುರ, ಬಳೆಗಳನ್ನು ತೆಗೆದು, 108ಕ್ಕೋ 112ಕ್ಕೋ ಕರೆ ಮಾಡಿ, ಪ್ರತಿವಿಷ ಸಿಗುವ ಆಸ್ಪತ್ರೆಗೆ ಆದಷ್ಟು ಬೇಗ ಸಾಗಿಸುವುದೊಂದೇ ಸರಿಯಾದ ದಾರಿ.

ಚಾರಣದಲ್ಲಿ ಚಾಕುವಿಲ್ಲದ ಕೊರತೆಯನ್ನು ಮನೆಯಲ್ಲೇ ತುಂಬಿಕೊಳ್ಳಬಹುದು. ಹಗುರವಾದ ಟಾರ್ಪಾಲಿಗೆ ಬೇಕಾದ ಹಗ್ಗಗಳನ್ನು ಮೊದಲೇ ಅಳೆದು ಕತ್ತರಿಸಿ, ತುದಿಗಳನ್ನು ಸುಟ್ಟು, ಮೂಲೆಗಳಿಗೆ ಕಟ್ಟಿಯೇ ಒಯ್ಯಿರಿ. ಗಾಯಕ್ಕೆ ಸುತ್ತುವ ಬಟ್ಟೆಯನ್ನೂ ಕತ್ತರಿಸಿ ಇಟ್ಟುಕೊಳ್ಳಿ. ಬೆಂಕಿ ಹೊತ್ತಿಸುವ ಜಾಗ ಅದಲ್ಲವಾದ್ದರಿಂದ, ಮೈಗೆ ಸುತ್ತಿಕೊಳ್ಳುವ ತೆಳುವಾದ ಹೊಳಪಿನ ತುರ್ತು ಹೊದಿಕೆ, ನೀರು ಹೊಗದ ಚೀಲದಲ್ಲಿ ಒಂದು ಜೊತೆ ಒಣ ಬಟ್ಟೆ, ತಲೆದೀಪ, ಸೀಟಿ, ಇವೇ ಅಲ್ಲಿ ನಿಮ್ಮನ್ನು ಕಾಯುವ ಸಾಮಾನುಗಳು. ಯಾವ ದಾರಿಯಲ್ಲಿ ಹೋಗಿ ಎಷ್ಟು ಹೊತ್ತಿಗೆ ಇಳಿಯುತ್ತೀರಿ ಎಂಬುದು ಮನೆಯಲ್ಲೊಬ್ಬರಿಗೆ ತಿಳಿದಿರಲಿ.

ಬೆಟ್ಟದಲ್ಲಿ ಚಾಕು ಬಳಸುವಾಗ ಕುಳಿತುಕೊಂಡು, ಮೊಣಕೈಗಳನ್ನು ಮೊಣಕಾಲುಗಳ ಮೇಲೆ ಊರಿ, ಕಟ್ಟಿಗೆಯನ್ನು ಮೊಣಕಾಲಿನಿಂದ ಮುಂದಕ್ಕೆ ಚಾಚಿ ಹಿಡಿದು ಹೆರೆಯಿರಿ. ತೊಡೆಗಳ ನಡುವೆ ಇಟ್ಟುಕೊಂಡು ಎಂದೂ ಹೆರೆಯಬಾರದು. ತೊಡೆಯ ದೊಡ್ಡ ರಕ್ತನಾಳ ಕೊಯ್ದುಹೋದರೆ ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗಬಹುದು. ಕೈ ಸೋತಾಗ, ಕತ್ತಲಾದಾಗ ಚಾಕು ಒರೆಯಲ್ಲಿರಲಿ. ಮೊಂಡಾದ ಚಾಕು ಹೆಚ್ಚು ಬಲ ಕೇಳುತ್ತದೆ, ಬಲ ಹಾಕಿದಾಗಲೇ ಅಲಗು ಜಾರುತ್ತದೆ. ಆದ್ದರಿಂದ 400 ಮತ್ತು 1000 ಗ್ರಿಟ್‌ನ (ಕಲ್ಲಿನ ಕಣದ ನುಣುಪಿನ ಅಳತೆ) ಎರಡು ಮುಖಗಳಿರುವ ಮಸೆಗಲ್ಲನ್ನು ಚಾಕುವಿನ ಜೊತೆಯಲ್ಲೇ ಕೊಂಡು, ಮಾವನವರ ಹತ್ತಿರ ಕುಳಿತು ಮಸೆಯುವುದನ್ನು ಕಲಿಯಿರಿ. ಒರೆ ಚರ್ಮದ್ದಾದರೆ ಮಳೆಯ ನೀರನ್ನು ಹೀರಿ ದಿನಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ತಳದಲ್ಲಿ ನೀರಿಳಿಯುವ ತೂತಿರುವ ಗಟ್ಟಿ ಪ್ಲಾಸ್ಟಿಕ್ಕಿನ ಒರೆಯನ್ನು ಆರಿಸಿ. ಒರೆಯನ್ನು ತಲೆಕೆಳಗಾಗಿ ಹಿಡಿದು ಅಲುಗಾಡಿಸಿದರೂ ಚಾಕು ಜಾರಬಾರದು. ಕೊಳ್ಳುವ ಮೊದಲು ಅಂಗಡಿಯಲ್ಲೇ ಇದನ್ನು ಪರೀಕ್ಷಿಸಿ.

ಉತ್ತರ 5: ಕುಲುಮೆ

ಒಂದು ಮಾತು ಸೇರಿಸುತ್ತೇನೆ. ತುಕ್ಕು ಹಿಡಿಯದ ಉಕ್ಕೆಂದು ಆರೈಕೆ ಬಿಡಬೇಡಿ. ಅಡಿಕೆಯ ಚೊಗರು, ಹಲಸಿನ ಮೇಣ, ಕೈಬೆವರು ಅದಕ್ಕೂ ಕಲೆ ಕಟ್ಟುತ್ತವೆ. ಮೇಣವನ್ನು ಕೊಬ್ಬರಿಎಣ್ಣೆ ಹಚ್ಚಿ ಒರೆಸಿ ತೆಗೆಯಿರಿ, ಆಮೇಲೆ ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ. ಮಳೆಗಾಲದ ನಾಲ್ಕು ತಿಂಗಳು ಚಾಕುವನ್ನು ಒರೆಯೊಳಗೆ ಇಡದೆ, ತೆಳುವಾಗಿ ಎಣ್ಣೆ ಸವರಿ, ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ, ಒಲೆಯ ಬಿಸುಪು ತಾಗುವ ಅಟ್ಟದ ಮೇಲೆ ಇಟ್ಟರೆ ಒಳ್ಳೆಯದು.