ರೇಡಿಯೋದಲ್ಲಿ ದನಿ ‘ಒಡೆಯುತ್ತದೆ’ ಅನ್ನಬೇಕೋ, ‘ಕಲಸುತ್ತದೆ’ ಅನ್ನಬೇಕೋ?

ಗೆಳೆಯರೇ,

‘ಡಿಸ್ಟಾರ್ಷನ್’, ಅಂದರೆ ದನಿ ತನ್ನ ರೂಪ ಕೆಟ್ಟು ಕೇಳುವುದು, ಇದಕ್ಕೆ ಕನ್ನಡದಲ್ಲಿ ಏನನ್ನೋಣ? ನಾನು ಹ್ಯಾಮ್ ರೇಡಿಯೋ (ಲೈಸೆನ್ಸ್ ಪಡೆದು ಹವ್ಯಾಸಕ್ಕಾಗಿ ಮಾತಾಡುವ ರೇಡಿಯೋ) ಬಳಸುವವನು. ಹೊಸದಾಗಿ ಲೈಸೆನ್ಸ್ ಪಡೆದವರಿಗಾಗಿ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ‘ನಿಮ್ಮ ದನಿ ಆಚೆಯವರಿಗೆ ಕೆಟ್ಟು ಕೇಳಿದರೆ ಏನು ಮಾಡಬೇಕು’ ಎಂಬಲ್ಲಿಗೆ ಬಂದು, ಪದ ಸಿಗದೆ ನಿಂತಿದ್ದೇನೆ.

ಪಠ್ಯಗಳಲ್ಲಿ ‘ವಿರೂಪ’, ‘ವಿಕೃತಿ’ ಎಂದಿರುತ್ತದೆ. ‘ವಿಕೃತಿ’ ಅಂದ ಕೂಡಲೇ ಇಂದು ಬೇರೆಯೇ ಅರ್ಥ ಹೊಳೆಯುತ್ತದೆ, ಅಲ್ವಾ? ‘ವಿರೂಪ’ ಕಣ್ಣಿಗೆ ಕಾಣುವಂಥದ್ದು, ಕಿವಿಗೆ ಕೇಳುವಂಥದ್ದಲ್ಲ. ಇನ್ನು ಕೆಲವರು ‘ಗದ್ದಲ’ ಅಂದುಬಿಡುತ್ತಾರೆ. ಅದಂತೂ ತಪ್ಪು. ಗದ್ದಲ ಹೊರಗಿನಿಂದ ಬಂದು ದನಿಯ ಜೊತೆ ಸೇರುತ್ತದೆ. ಡಿಸ್ಟಾರ್ಷನ್‌ನಲ್ಲಿ ಕೆಡುವುದು ದನಿಯೇ.

ಒಂದು ಪದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳುವುದಕ್ಕೆ ಕಾರಣ ಇದೆ. ನಾವು ಒಬ್ಬರಿಗೊಬ್ಬರು ಸಿಗ್ನಲ್ ಹೇಗಿದೆ ಎಂದು ಅಂಕಿಯಲ್ಲಿ ಹೇಳುತ್ತೇವೆ. ಮಾತು ಎಷ್ಟು ತಿಳಿಯುತ್ತದೆ ಎಂಬುದಕ್ಕೆ 1ರಿಂದ 5, ಸಿಗ್ನಲ್ ಎಷ್ಟು ಜೋರು ಎಂಬುದಕ್ಕೆ 1ರಿಂದ 9. ಚುಕ್ಕೆ-ಗೆರೆಗಳ ಮೋರ್ಸ್ ಸಂಕೇತ ಆದರೆ ನಾದ ಹೇಗಿದೆ ಎಂದು ಹೇಳಲು ಮೂರನೆಯದೊಂದು ಅಂಕಿ ಇದೆ. ಬಾಯಿಮಾತಿಗೆ ಅದಿಲ್ಲ. ಹಾಗಾಗಿ ದನಿ ಹೇಗೆ ಕೆಟ್ಟಿದೆ ಎನ್ನುವುದನ್ನು ಪದಗಳಲ್ಲೇ ಹೇಳಬೇಕು. ಕೇಳಿದವರು ಯಾವ ಪದ ಬಳಸುತ್ತಾರೋ ಅದರ ಮೇಲೆ ನಾವು ಸೆಟ್ಟಿನಲ್ಲಿ ಎಲ್ಲಿ ಕೈ ಇಡಬೇಕು ಎಂಬುದು ನಿಂತಿರುತ್ತದೆ.

ನನ್ನದೇ ಒಂದು ಸಂಗತಿ ಹೇಳುತ್ತೇನೆ. ಒಂದು ಬೆಳಿಗ್ಗೆ 40 ಮೀಟರ್ ಅಲೆಯುದ್ದದ ಬ್ಯಾಂಡಿನಲ್ಲಿ ಎಸ್‌ಎಸ್‌ಬಿಯಲ್ಲಿ (ಸಿಂಗಲ್ ಸೈಡ್‌ಬ್ಯಾಂಡ್, ಕಡಿಮೆ ಅಗಲದಲ್ಲಿ ಮಾತು ಕಳಿಸುವ ವಿಧಾನ) ಮಾತಾಡುತ್ತಿದ್ದೆ. ಆಚೆಯ ಗೆಳೆಯರು ‘ನಿಮ್ಮ ದನಿ ಒಡೀತಾ ಇದೆ’ ಅಂದರು. ನಾನು ಮೈಕ್ ಗೇನ್ (ಮೈಕಿನ ದನಿಯನ್ನು ಎಷ್ಟು ಹಿಗ್ಗಿಸಬೇಕು ಎಂಬ ಅಳತೆ) ಜಾಸ್ತಿ ಆಗಿರಬೇಕೆಂದು ತಗ್ಗಿಸಿದೆ. ಪವರ್ ಮಿತಿಮೀರದಂತೆ ತಡೆಯುವ ಎಎಲ್‌ಸಿಯ ಮುಳ್ಳು ಮಿತಿಯೊಳಗೇ ಇತ್ತು. ಮೆಲುದನಿಯನ್ನು ಜೋರುದನಿಗೆ ಸಮೀಪ ತರುವ ಸ್ಪೀಚ್ ಕಂಪ್ರೆಸರ್ ಆಫ್ ಮಾಡಿದೆ. ಏನೂ ಬದಲಾಗಲಿಲ್ಲ. ಆಗ ಇನ್ನೊಬ್ಬರು ಬಂದು, ‘ಒಡೆಯುತ್ತಿಲ್ಲ, ಮಾತು ಕಲಸಿಹೋಗ್ತಿದೆ. ಜೋರಾಗಿ ಅಂದಾಗ ಇನ್ನೂ ಕಲಸುತ್ತೆ’ ಅಂದರು. ಆ ಒಂದು ಪದ ದಾರಿ ತೋರಿಸಿತು. ಪವರ್ 10 ವ್ಯಾಟಿಗೆ ಇಳಿಸಿದೆ, ದನಿ ತಿಳಿಯಾಯಿತು. 50ಕ್ಕೆ ಏರಿಸಿದೆ, ಮತ್ತೆ ಕಲಸಿತು. ಆಂಟೆನಾ ತೆಗೆದು 50 ಓಮ್ ಡಮ್ಮಿ ಲೋಡ್ (ಅಲೆಯನ್ನು ಹೊರಬಿಡದೆ ಶಾಖವಾಗಿಸುವ ಸಾಧನ) ಹಾಕಿ, ಅದೇ 50 ವ್ಯಾಟಿನಲ್ಲಿ ಮಾತಾಡಿ, ಪಕ್ಕದ ರಿಸೀವರಿಗೆ ಹೆಡ್‌ಫೋನ್ ಹಾಕಿ ಕೇಳಿದೆ. ಚೊಕ್ಕವಾಗಿತ್ತು. ಅಂದರೆ ಸೆಟ್ಟು ಸರಿಯಿದೆ. ಆಂಟೆನಾದಿಂದ ಹೊರಟ ಅಲೆಯೇ ಮೈಕಿನ ತಂತಿಯಲ್ಲಿ ವಾಪಸ್ ಒಳಹೊಕ್ಕು ನನ್ನ ಮಾತಿನೊಡನೆ ಬೆರೆಯುತ್ತಿತ್ತು. ಮೈಕ್ ತಂತಿಯನ್ನು ಇಂಥ ಅಲೆಯನ್ನು ತಡೆಯುವ ಫೆರೈಟ್ ಉಂಗುರಕ್ಕೆ ಏಳೆಂಟು ಸುತ್ತು ಸುತ್ತಿದೆ, ಆಂಟೆನಾ ಬುಡದಲ್ಲಿ ಕೋಆಕ್ಸ್‌ಗೂ (ಸೆಟ್ಟಿನಿಂದ ಆಂಟೆನಾಕ್ಕೆ ಹೋಗುವ ಕೇಬಲ್) ಅದೇ ಕೆಲಸದ ಒಂದು ಚೋಕ್ ಹಾಕಿದೆ. ಸರಿಹೋಯಿತು.

ಅಂದಿನಿಂದ ನನಗನ್ನಿಸುವುದು ಇದು: ‘ಒಡಕು’ ಮತ್ತು ‘ಕಲಸು’ ಎರಡನ್ನೂ ಬೇರೆಬೇರೆ ಪಾರಿಭಾಷಿಕ ಪದಗಳಾಗಿ ಇಟ್ಟುಕೊಳ್ಳಬೇಕು.

‘ಒಡಕು’ ನಮಗೆ ಕಿವಿಯ ಪದವೇ. ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ಬೆರಳಿನಿಂದ ತಟ್ಟಿ ನೋಡುತ್ತಾರೆ. ಬಿರುಕು ಕಣ್ಣಿಗೆ ಕಾಣದಿದ್ದರೂ ಸದ್ದಿನಲ್ಲಿ ಗೊತ್ತಾಗುತ್ತದೆ. ಮೈಕ್ ಗೇನ್ ಮಿತಿಮೀರಿ, ಆಂಪ್ಲಿಫೈಯರ್ ತನ್ನ ಅಳವಿಗೆ ಮೀರಿದ ಅಲೆಯ ನೆತ್ತಿಯನ್ನು ಚಪ್ಪಟೆ ಮಾಡಿದಾಗ ಬರುವುದು ಥೇಟ್ ಆ ದನಿ. ಈ ಕ್ಲಿಪ್ಪಿಂಗ್‌ಗೆ ‘ನೆತ್ತಿ ಸವರುವುದು’ ಅಂದರೆ ಹೇಗೆ? ಬೇಲಿಗಿಡದ ತಲೆ ಸವರುತ್ತೇವಲ್ಲ, ಹಾಗೆ. ಹೀಗೆ ಸವರಿದಾಗ ಸುಮಾರು 3 ಕಿಲೋಹರ್ಟ್ಸ್ ಅಗಲದಲ್ಲಿ ಇರಬೇಕಾದ ಎಸ್‌ಎಸ್‌ಬಿ ಮಾತು ಅಕ್ಕಪಕ್ಕಕ್ಕೂ ಚೆಲ್ಲುತ್ತದೆ. ಅದಕ್ಕೆ ‘ಚೆಲ್ಲು’ ಎಂಬ ಪದವೇ ಸಾಕು ಅನ್ನಿಸುತ್ತದೆ.

ಆದರೆ ‘ಒಡೆಯುತ್ತಿದೆ’ ಅನ್ನುವುದರಲ್ಲಿ ಒಂದು ತೊಡಕಿದೆ. ಮೊಬೈಲಿನಲ್ಲಿ ‘ವಾಯ್ಸ್ ಬ್ರೇಕ್ ಆಗ್ತಿದೆ’ ಅಂದರೆ ಮಾತು ನಡುನಡುವೆ ಕಾಣೆಯಾಗುತ್ತಿದೆ ಎಂದು. ಹೊಸಬರು ‘ಒಡೆಯುತ್ತಿದೆ’ ಎಂಬುದನ್ನೂ ಹಾಗೇ ತಿಳಿದುಕೊಳ್ಳುತ್ತಾರೆ. ಮೀಸೆ ಮೂಡುವ ಹುಡುಗರ ದನಿಯೂ ಒಡೆಯುತ್ತದೆ, ಅದು ಮತ್ತೊಂದು ಅರ್ಥ. ಹಾಗಾಗಿ ಕ್ರಿಯಾಪದ ಬಿಟ್ಟು ‘ಒಡಕು ದನಿ’ ಎಂಬ ನಾಮಪದವನ್ನೇ ಬಳಸಿ, ಕಾಣೆಯಾಗುವುದಕ್ಕೆ ‘ತುಂಡು ತುಂಡಾಗುವುದು’ ಎಂದರೆ ಗೊಂದಲ ತಪ್ಪೀತೇನೋ.

ಇನ್ನೊಂದು: ಆಚೆಯವರ ರಿಸೀವರ್ ಸರಿಯಾದ ಫ್ರೀಕ್ವೆನ್ಸಿಯಿಂದ ಸ್ವಲ್ಪ ಜರುಗಿದ್ದರೆ ನಮ್ಮ ದನಿ ಬಾತುಕೋಳಿಯ ಹಾಗೆ ಕೇಳುತ್ತದೆ. ಅದು ನಮ್ಮ ದನಿಯ ದೋಷವಲ್ಲ. ಅದನ್ನು ‘ಒಡಕು’ ಅಂದರೆ ಸುಮ್ನೆ ಸೆಟ್ಟು ಬಿಚ್ಚಿ ಕೂರಬೇಕಾಗುತ್ತದೆ.

ನನ್ನ ಪ್ರಶ್ನೆಗಳು ಎರಡು. ಈ ಎಲ್ಲವನ್ನೂ ಒಳಗೊಳ್ಳುವ ‘ದನಿಗೇಡು’ ಎಂಬ ಪದ ನಿಮ್ಮ ಕಿವಿಗೆ ಹಿಡಿಸುತ್ತದೆಯೇ? ಎರಡನೆಯದು, ನಿಮ್ಮ ಊರಿನಲ್ಲಿ ಜಾತ್ರೆಯ ಮೈಕಾಸುರನ ದನಿ ಕೆಟ್ಟಾಗ ಏನೆನ್ನುತ್ತಾರೆ? ‘ಗೊಗ್ಗರು’, ‘ಬಿರುಕು’, ‘ಕರಕರ’, ಯಾವುದಾದರೂ ಸರಿ. ಪದದ ಜೊತೆಗೆ ಅದು ಎಂಥ ಸದ್ದು ಎಂದೂ ಬರೆದರೆ ನನಗೆ ತುಂಬಾ ಉಪಯೋಗ.